ಹಳೆಯ ಮೋಟಾರು ಗಾಡಿಯ ವಿಕ್ರಯ

ಮನೆಯ ವಸ್ತುವನ್ನು ಮಾರುವುದೂ ಗೃಹಸ್ಥನಿಗೊಂದು ಧರ್ಮಪರೀಕ್ಷೆಯೇ ಸರಿ. ಅಮೆರಿಕೆಯ ಮಿಶಿಗನ್ ಪ್ರಾಂತದಲ್ಲಿ ನೆಲಸಿರುವ ನಮ್ಮಲ್ಲಿ 1967ನೆಯ ಇಸವಿಯ ಪಾಂಟಿಯಾಕ್ ಜಿ.ಟಿ.ಓ. ಮೋಟಾರು ಗಾಡಿಯೊಂದಿದ್ದಿತು. ಮಧ್ಯಮ ಗಾತ್ರದ ಗಾಡಿಗೆ ಭಾರಿ ಯಂತ್ರವನ್ನು ಜೋಡಿಸಿ 1964ರಲ್ಲಿ ಹೊರತಂದ ಈ ಮಾದರಿಯನ್ನು ಅಲ್ಲಿಯವರು 'ಮಸಲ್ ಕಾರು' ಎಂದು ಕರೆದು ಇಂದಿಗೂ ಆದರಿಸುವರು. ನಮ್ಮದರ ಕಾರ್ಖಾನೆಯ ಸಂಖ್ಯೆಯು 242 ಎಂದೇ ಮೊದಲಾಗುತ್ತಿದ್ದಿತು. ಅದು ನಕಲಿಯಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಆದರೆ ಹಿಮವನ್ನು ಕರಗಿಸಲು ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಅದರ ಅಡಿಯ ಚೌಕಟ್ಟನ್ನು ತಿಂದುಹಾಕಿದ್ದಿತು. ತೂತುಗಳನ್ನು ಮುಚ್ಚಿ ಬಣ್ಣ ಬಳಿದರೆ ಹೆಚ್ಚಿನ ಬೆಲೆ ಬರುವುದೆಂದು ದಲ್ಲಾಳಿಯೊಬ್ಬನು ಬೋಧಿಸಿದನು. ಮಗಳ ಕಾಲೇಜಿನ ಶುಲ್ಕಕ್ಕಾಗಿ ನಮಗೆ ಹಣವು ಬೇಕಾಗಿದ್ದುದೂ ನಿಜವೇ. ಆದರೂ ವೇಗದಲ್ಲಿ ಚೌಕಟ್ಟು ಮುರಿದರೆ ಹೋಗುವುದು ಪರರ ಪ್ರಾಣವಲ್ಲವೆ?

ಕೊಳ್ಳಲು ಬಂದ ತರುಣ ದಂಪತಿಗಳಿಗೆ ಗಾಡಿಯನ್ನು ಮೇಲೆತ್ತಿಸಿ, ದೀಪ ಹಿಡಿದು, ತುಕ್ಕನ್ನೆಲ್ಲ ತೋರಿಸಿದೆವು. ಜೀರ್ಣೋದ್ಧಾರಕ್ಕೆ ಕೈಯಿಡುವವರಿಗೆ ಜೀರ್ಣವಾದುದು ಎಲ್ಲೆಂಬುದು ಮೊದಲು ತಿಳಿಯಬೇಕಷ್ಟೆ. ಅವರು ಬೆಲೆಯನ್ನು ಇಳಿಸಿ ಕೇಳಿದರು, ನಾವು ಒಪ್ಪಿದೆವು. ಈ ವರ್ಷ ಊರಿಗೆ ಬರುವ ಪ್ರಯಾಣವನ್ನು ನಿಲ್ಲಿಸಿ ಶುಲ್ಕದ ಕೊರತೆಯನ್ನು ತುಂಬಿದೆವು. ಮಗಳೂ ಇದಕ್ಕೆ ಸಮ್ಮತಿಸಿದಳೆಂಬುದೇ ನಮಗೆ ಸಂತೋಷ.