ಜೀವಕೋಶವೂ ಉಪ್ಪಿನ ಭರಣಿಯೂ

ಸಾಗರದ ಸೀಮೆಯಲ್ಲಿ ಫಾಲ್ಗುಣಮಾಸವು ಕಳೆಯುವ ಹೊತ್ತಿಗೆ ಅಪ್ಪೆಮಿಡಿಯು ಮನೆಮನೆಗೆ ಬರುವುದು. ಮಕ್ಕಳಿಗೆ ವಾರ್ಷಿಕ ಪರೀಕ್ಷೆ ಬರುವುದೂ ಅದೇ ಹೊತ್ತಿಗೆ. ಈಚೆಗೆ ಒಂದು ಮನೆಯಲ್ಲಿ ಈ ಎರಡೂ ಒಂದೇ ಜಗಲಿಯ ಮೇಲೆ ಸಂಧಿಸಿದುವು. ಎಂಬತ್ತು ವರ್ಷ ದಾಟಿದ ಅಜ್ಜಿಯವರು ತೊಟ್ಟು ಮುರಿಯದ ಮಿಡಿಗಳನ್ನು ಒಂದೊಂದಾಗಿ ಒರಸಿ, ಒಂದು ಹಾಸು ಮಿಡಿ, ಒಂದು ಹಾಸು ಹರಳುಪ್ಪು, ಹೀಗೆ ಭರಣಿಯನ್ನು ತುಂಬುತ್ತಿದ್ದರು. ಜಗಲಿಯ ಇನ್ನೊಂದು ಕೊನೆಯಲ್ಲಿ ಒಂಬತ್ತನೆಯ ತರಗತಿಯ ಮೊಮ್ಮಗಳು ವಿಜ್ಞಾನದ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು: ಸಸ್ಯಕೋಶಕ್ಕೆ ಭಿತ್ತಿಯುಂಟು, ಪ್ರಾಣಿಕೋಶಕ್ಕೆ ಇಲ್ಲ, ಸಸ್ಯಕೋಶದಲ್ಲಿ ಪತ್ರಹರಿತ್ತುಂಟು, ಪ್ರಾಣಿಕೋಶದಲ್ಲಿ ಇಲ್ಲ, ಸಸ್ಯಕೋಶದ ರಸದಾನಿ ದೊಡ್ಡದು, ಪ್ರಾಣಿಕೋಶದ್ದು ಸಣ್ಣದು. ಪುಸ್ತಕದಲ್ಲಿ ಇದು ಎರಡು ಅಂಕಣಗಳ ಪಟ್ಟಿಯಾಗಿದ್ದಿತು. ಹುಡುಗಿ ಅದನ್ನು ಮಗ್ಗಿಯಂತೆ ಹೇಳುತ್ತಿದ್ದಳು.

ನಾಲ್ಕನೆಯ ದಿನ ಮಿಡಿಯನ್ನು ತಿರುವಲು ಭರಣಿಯ ಬಾಯಿ ಬಿಚ್ಚಿದಾಗ ಹುಡುಗಿ ಬಗ್ಗಿ ನೋಡಿದಳು. ಮಿಡಿಗಳು ಸುಕ್ಕುಬಿದ್ದು ಕುಗ್ಗಿದ್ದುವು. ಅರ್ಧ ಭರಣಿಗೆ ನೀರು ನಿಂತಿದ್ದಿತು.

“ಅಜ್ಜೀ, ಇದಕ್ಕೆ ನೀರು ಯಾವಾಗ ಹಾಕಿದೆ?”

“ನೀರು ಹಾಕುವುದುಂಟೇ! ಒಂದು ಹನಿ ಬಿದ್ದರೂ ಭರಣಿ ಕೆಟ್ಟಿತು. ಅದು ಮಿಡಿಯ ನೀರೇ ಮಗಾ, ಉಪ್ಪು ಎಳೆದುಕೊಂಡದ್ದು.”

ಹುಡುಗಿಗೆ ತನ್ನ ಪಾಠ ಭರಣಿಯೊಳಗೆ ಕಂಡಿತು. ಪರೀಕ್ಷೆಗೆ ಎರಡು ಅಂಕಣಗಳ ಪಟ್ಟಿ ಸಾಕು, ನಿಜ. ಆದರೆ ಭಿತ್ತಿ ಇದ್ದುದರಿಂದ ಏನಾಯಿತು, ಇಲ್ಲದುದರಿಂದ ಏನಾಯಿತು ಎಂಬುದನ್ನು ಕೇಳದ ಪಟ್ಟಿಯು, ಮನೆಗೆ ಎಷ್ಟು ಹೆಂಚು ಎಷ್ಟು ಕಂಬ ಎಂದು ಬರೆದು, ಒಳಗೆ ಯಾರಿದ್ದಾರೆಂಬುದನ್ನು ಬಿಟ್ಟ ಲೆಕ್ಕದಂತಿರುವುದು.

ಜೀವಕೋಶದ ಇತಿಹಾಸವು ಮೊದಲಾದುದೂ ಹೀಗೆ ಗೋಡೆಗಳ ಲೆಕ್ಕದಿಂದಲೇ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬಾತನು ಸೀಸೆಯ ಬಿರಡೆಗೆ ಬಳಸುವ ಬೆಂಡನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದನು. ಜೇನುಹುಟ್ಟಿನಂತೆ ಸಣ್ಣ ಸಣ್ಣ ಕೋಣೆಗಳು ಕಂಡುವು. ಅವನ್ನು ಎಣಿಸಿ, ಒಂದು ಅಂಗುಲದ ಉದ್ದಕ್ಕೆ 1,080 ಕೋಣೆಗಳೆಂದೂ, ಒಂದು ಘನ ಅಂಗುಲಕ್ಕೆ 125 ಕೋಟಿಗೂ ಮಿಕ್ಕುವುದೆಂದೂ ಗುಣಿಸಿದನು. ಆ ಕೋಣೆಗಳಿಗೆ ಅವನು ಇಟ್ಟ ‘ಸೆಲ್’ ಎಂಬ ಹೆಸರು ಇಂದಿಗೂ ಲೋಕದಲ್ಲೆಲ್ಲ ನಡೆಯುತ್ತಿದೆ. ವಿನೋದವೆಂದರೆ ಅವನು ಕಂಡುದು ಬರಿದಾದ ಮನೆಗಳನ್ನು. ಬೆಂಡಿನಲ್ಲಿ ಜೀವವು ಹೋಗಿ ಗೋಡೆ ಮಾತ್ರ ಉಳಿದಿರುತ್ತದೆ. ಜೀವದ ಮೂಲಘಟಕಕ್ಕೆ ಜೀವವಿಲ್ಲದ ಪದಾರ್ಥವನ್ನು ನೋಡಿ ಹೆಸರಿಟ್ಟಂತಾಯಿತು.

ಕನ್ನಡದಲ್ಲಿ ಇದಕ್ಕೆ ನಿಂತ ‘ಕೋಶ’ವೆಂಬ ಶಬ್ದವು ಈ ವಿಷಯದಲ್ಲಿ ಹೆಚ್ಚು ಭಾಗ್ಯಶಾಲಿ. ಹೂವಿನ ಮೊಗ್ಗು, ಕತ್ತಿಯ ಒರೆ, ಕೂಡಿಟ್ಟ ಧನ, ಈ ಅರ್ಥಗಳನ್ನು ಅಮರಸಿಂಹನು ಕೊಟ್ಟಿದ್ದಾನೆ. ರೇಷ್ಮೆಯ ಹುಳು ತನ್ನ ಸುತ್ತ ನೆಯ್ದುಕೊಳ್ಳುವ ಗೂಡೂ ಕೋಶವೇ. ಅದರಿಂದಲೇ ರೇಷ್ಮೆವಸ್ತ್ರಕ್ಕೆ ಕೌಶೇಯವೆಂದು ಹೆಸರು. ವೇದಾಂತಿಗಳು ಅನ್ನಮಯದಿಂದ ಆನಂದಮಯದವರೆಗೆ ಹೇಳುವ ಐದೂ ಕೋಶಗಳೇ. ಎಲ್ಲಿ ನೋಡಿದರೂ ಒಳಗೆ ಬೆಲೆಬಾಳುವುದೊಂದು ಇದ್ದು, ಅದನ್ನು ಹೊದಿಸಿಕೊಂಡಿರುವುದೇ ಕೋಶ. ಹೆಸರಿಟ್ಟವರು ಇಷ್ಟೆಲ್ಲ ಎಣಿಸಿದರೋ ಇಲ್ಲವೋ, ಶಬ್ದವು ಮಾತ್ರ ತಾನಾಗಿಯೇ ಎಣಿಸಿದೆ.

ಆ ಬೆಲೆಬಾಳುವುದು ಏನೆಂಬುದು ತಿಳಿಯಲು ಹುಕ್‌ನ ತರುವಾಯ ಒಂದೂವರೆ ಶತಮಾನಕ್ಕೂ ಹೆಚ್ಚು ಹಿಡಿಯಿತು. 1831ರಲ್ಲಿ ರಾಬರ್ಟ್ ಬ್ರೌನನು ಸೀತಾಳೆಯ ಜಾತಿಯ ಗಿಡಗಳ ಕೋಶಗಳಲ್ಲಿ ಒಂದು ದುಂಡನೆಯ ವಸ್ತುವನ್ನು ಕಂಡು ಅದಕ್ಕೆ ಕೋಶಕೇಂದ್ರವೆಂಬ ಅರ್ಥದ ಹೆಸರನ್ನು ಕೊಟ್ಟನು. 1838ರಲ್ಲಿ ಜರ್ಮನಿಯ ಶ್ಲೈಡನ್ನನು ಮಿತ್ರನಾದ ಶ್ವಾನ್‌ನೊಡನೆ ಊಟಕ್ಕೆ ಕುಳಿತಾಗ ಸಸ್ಯಗಳ ಕೋಶಕೇಂದ್ರದ ಮಾತೆತ್ತಿದನಂತೆ. ಅಂಥದೇ ವಸ್ತುವನ್ನು ಪ್ರಾಣಿಗಳ ಅಂಗಗಳಲ್ಲಿ ತಾನು ನೋಡಿದ್ದುದು ಶ್ವಾನ್‌ಗೆ ಒಡನೆಯೇ ನೆನಪಾಯಿತು. ಮರವೂ ಮನುಷ್ಯನೂ ಒಂದೇ ಬಗೆಯ ಇಟ್ಟಿಗೆಯಿಂದ ಕಟ್ಟಿದವೆಂಬ ಸಿದ್ಧಾಂತವು ಮುಂದಿನ ವರ್ಷ ಅಚ್ಚಾಯಿತು. ಕೋಶಕೇಂದ್ರ, ಜೀವರಸ, ಆಹಾರವನ್ನು ಉರಿಸಿ ಶಕ್ತಿ ಕೊಡುವ ಮೈಟೋಕಾಂಡ್ರಿಯ, ಇವು ಎರಡರಲ್ಲಿಯೂ ಸಮಾನ. ಮೈಟೋಕಾಂಡ್ರಿಯವು ಪ್ರಾಣಿಗಳಿಗೆ ಮಾತ್ರವೆಂದು ಬರೆದು ಅಂಕ ಕಳೆದುಕೊಳ್ಳುವ ಮಕ್ಕಳು ಪ್ರತಿವರ್ಷವೂ ಇರುತ್ತಾರೆ. ಬಿಸಿಲಿನಿಂದ ಅಡಿಗೆಮಾಡುವ ವಿದ್ಯೆ ಸಸ್ಯಕ್ಕೆ ತಿಳಿದಿದೆ; ಆದರೆ ಮಾಡಿದ ಅಡಿಗೆಯನ್ನು ಅದೂ ಉಣ್ಣಬೇಕಲ್ಲವೆ?

ಇನ್ನು ಭೇದದ ಮಾತು. ಸಸ್ಯಕೋಶವು ತನ್ನ ತೆಳುಪೊರೆಯ ಹೊರಗೆ ಸೆಲ್ಯುಲೋಸ್ ಎಂಬ ನಾರಿನಿಂದ ಗೋಡೆ ಕಟ್ಟಿಕೊಳ್ಳುತ್ತದೆ. ಉಟ್ಟ ಹತ್ತಿಯ ಪಂಚೆಯೂ, ಓದುವ ಪತ್ರಿಕೆಯ ಕಾಗದವೂ ಬಹುಮಟ್ಟಿಗೆ ಈ ಗೋಡೆಯೇ. ಒಳಗೆ ರಸದಾನಿ, ಬಲಿತ ಕೋಶದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಜಾಗವನ್ನೂ ಅದು ಹಿಡಿಯಬಲ್ಲುದು. ಅದರ ರಸದಲ್ಲಿ ಲವಣ ಸಕ್ಕರೆಗಳು ಕರಗಿರುವುದರಿಂದ ಹೊರಗಿನ ನೀರು ಪೊರೆಯನ್ನು ಹಾದು ಒಳಕ್ಕೆ ನುಗ್ಗುವುದು. ಇದಕ್ಕೆ ಅಭಿಸರಣೆಯೆಂದು ಹೆಸರು. ಕೋಶವು ಉಬ್ಬಿ ಗೋಡೆಯನ್ನು ಒತ್ತುವುದು, ಗೋಡೆ ಬಿಡದು. ಮೋಟಾರುಗಾಡಿಯ ಚಕ್ರದ ಗಾಳಿಗಿಂತ ಹೆಚ್ಚಿನ ಒತ್ತಡ, ಕೆಲವೊಮ್ಮೆ ಅದರ ಎರಡು ಮೂರು ಪಾಲು, ಒಂದು ಎಳೆಯ ಎಲೆಯ ಕೋಶದಲ್ಲಿ ಇರಬಹುದು. ಎಲುಬಿಲ್ಲದ ಹರಿವೆಯ ಗಿಡ ನೆಟ್ಟಗೆ ನಿಲ್ಲುವುದು ಈ ಬಿಗಿತದಿಂದಲೇ. ಸಂತೆಯಿಂದ ತಂದ ಸೊಪ್ಪು ಜೋತುಬಿದ್ದರೆ ಹೆಂಗಸರು ಅದರ ಮೇಲೆ ನೀರು ಚಿಮುಕಿಸುತ್ತಾರೆ. ಅದು ಮತ್ತೆ ತಲೆಯೆತ್ತುವುದು. ಮುಟ್ಟಿದರೆ ಮುನಿಯ ಎಲೆದೊಟ್ಟಿನ ಬುಡದಲ್ಲಿ ಕೆಲವು ಕೋಶಗಳು ನೀರನ್ನು ತಟ್ಟನೆ ಹೊರಕ್ಕೆ ಬಿಡುವುದರಿಂದ ಎಲೆ ಮಡಿಸಿಕೊಳ್ಳುವುದು. ಮಿಡಿಯ ಭರಣಿಯಲ್ಲಿ ನಡೆದುದು ಇದರ ವಿಲೋಮ. ಹೊರಗೆ ಉಪ್ಪು ಹೆಚ್ಚಾಯಿತು. ಒಳಗಿನ ನೀರು ಹೊರಗೆ ಬಂದಿತು. ಪೊರೆಯು ಗೋಡೆಯನ್ನು ಬಿಟ್ಟು ಒಳಕ್ಕೆ ಮುದುಡಿಕೊಂಡಿತು.

ಗೋಡೆಯ ಮಾತು ಬಂದುದರಿಂದ ಮರದ ಒಂದು ಔದಾರ್ಯವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಬೇರಿನ ನೀರನ್ನು ತುದಿಯೆಲೆಗೆ ಮುಟ್ಟಿಸುವ ನಾಳಗಳು ಕೋಶಗಳಿಂದಲೇ ಆದುವು. ಆದರೆ ಆ ಕೋಶಗಳು ಗೋಡೆಯನ್ನು ದಪ್ಪಮಾಡಿಕೊಂಡು, ಒಳಗಿನ ಜೀವರಸವನ್ನೆಲ್ಲ ಕಳೆದುಕೊಂಡು, ಸತ್ತಮೇಲೆಯೇ ನೀರು ಹರಿಸುವ ಕೆಲಸಕ್ಕೆ ತೊಡಗುವುವು. ಹುಕ್ ಕಂಡ ಬರಿಮನೆಯು ಇಲ್ಲಿ ಕಾಲುವೆಯಾಗಿದೆ. ಪ್ರಾಣಿಗಳಲ್ಲಿ ಇದಕ್ಕೆ ಹತ್ತಿರವಾದುದು ಮನುಷ್ಯನ ಕೆಂಪು ರಕ್ತಕಣ. ಅದು ಬಲಿಯುವಾಗ ಕೋಶಕೇಂದ್ರವನ್ನೇ ಹೊರಗೆ ಹಾಕಿ, ಆ ಜಾಗವನ್ನೂ ಪ್ರಾಣವಾಯುವಿನ ಹೊರೆಗೆ ಕೊಟ್ಟು, ಸುಮಾರು 120 ದಿನ ದುಡಿದು ಮುಗಿಯುವುದು.

ಪ್ರಾಣಿಕೋಶಕ್ಕೆ ಗೋಡೆಯಿಲ್ಲ. ಗೋಡೆ ಕಟ್ಟಿಕೊಂಡವನು ಊರು ಬಿಡಲಾರನು. ಪ್ರಾಣಿಯು ಸಂಚಾರವನ್ನು ಆರಿಸಿಕೊಂಡಿತು. ಸ್ನಾಯು ಕುಗ್ಗಿ ಹಿಗ್ಗುವುದು, ಬಿಳಿಯ ರಕ್ತಕಣವು ರಕ್ತನಾಳದ ಸಂದಿನಲ್ಲಿ ನುಸುಳಿ ಗಾಯದ ಕಡೆಗೆ ಹೋಗುವುದು, ಎಲ್ಲವೂ ಗೋಡೆಯಿಲ್ಲದುದರ ಲಾಭ. ಅದಕ್ಕೆ ತೆರುವ ಬೆಲೆಯೂ ಉಂಟು. ಅದಕ್ಕಿರುವುದು ಪೊರೆಯೊಂದೇ, ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗಮಾಡಿದರೆ ಅದರ ಏಳೆಂಟು ಭಾಗದಷ್ಟು ದಪ್ಪ. ಕೆಂಪು ರಕ್ತಕಣವನ್ನು ಬರಿಯ ನೀರಿನಲ್ಲಿ ಬಿಟ್ಟರೆ ಅದು ಉಬ್ಬಿ ಒಡೆಯುವುದು. ಉಪ್ಪುನೀರಿನಲ್ಲಿ ಬಿಟ್ಟರೆ ಮಿಡಿಯಂತೆಯೇ ಸುಕ್ಕುವುದು. ವೈದ್ಯರು ರಕ್ತನಾಳಕ್ಕೆ ಬರಿಯ ನೀರನ್ನು ಏರಿಸದೆ, ಲೀಟರಿಗೆ 9 ಗ್ರಾಂ ಉಪ್ಪು ಬೆರೆಸಿದ ನೀರನ್ನು ಏರಿಸುವುದು ಇದಕ್ಕಾಗಿಯೇ.

ಹೀಗಿರುವಲ್ಲಿ ಪ್ರಾಣಿಕೋಶವು ಒಡೆಯದೆ ಉಳಿಯುವ ಬಗೆ ಹೇಗೆ? ಡೆನ್ಮಾರ್ಕಿನ ಯೆನ್ಸ್ ಸ್ಕೌ ಎಂಬ ವಿದ್ವಾಂಸನು ಏಡಿಯ ನರಗಳನ್ನು ಪರೀಕ್ಷಿಸಿ 1957ರಲ್ಲಿ ಇದರ ಮರ್ಮವನ್ನು ಹೊರಗೆಡಹಿದನು; 1997ರಲ್ಲಿ ನೊಬೆಲ್ ಬಹುಮಾನದಲ್ಲಿ ಅವನಿಗೆ ಪಾಲು ಬಂದಿತು. ಕೋಶದ ಪೊರೆಯಲ್ಲಿ ಸಣ್ಣ ಏತಗಳಿವೆ. ಅವು ಉಪ್ಪಿನ ಅಂಶವಾದ ಸೋಡಿಯಂ ಕಣಗಳನ್ನು ಮೂರು ಮೂರಾಗಿ ಹೊರಗೆ ಹಾಕಿ, ಪೊಟ್ಯಾಸಿಯಂ ಕಣಗಳನ್ನು ಎರಡೆರಡಾಗಿ ಒಳಗೆ ತರುತ್ತಲೇ ಇರುವುವು. ತೂತುಬಿದ್ದ ದೋಣಿಯ ನೀರನ್ನು ಅಂಬಿಗನು ಎತ್ತಿ ಚೆಲ್ಲುವಂತೆ ಇದು ಹಗಲೂ ರಾತ್ರಿಯೂ ನಡೆಯುವ ಕೆಲಸ. ಮನುಷ್ಯನು ಸುಮ್ಮನೆ ಮಲಗಿರುವಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಇದಕ್ಕೇ ವೆಚ್ಚವಾಗುವುದು. ಸಸ್ಯವು ಒಮ್ಮೆ ಗೋಡೆ ಕಟ್ಟಿ ನಿಶ್ಚಿಂತವಾಯಿತು. ಪ್ರಾಣಿಯು ಬದುಕಿರುವವರೆಗೂ ಕೂಲಿ ಕೊಡುತ್ತಿದೆ.

ಹುಡುಗಿ ಇದರಲ್ಲಿ ತನಗೆ ತಿಳಿದಷ್ಟನ್ನು ಅಜ್ಜಿಗೆ ಹೇಳಿದಳು. ಅಜ್ಜಿ ಮಿಡಿ ತಿರುವುತ್ತ ಕೇಳಿದರು. ಬಹಳ ಹೊತ್ತಿನ ಮೇಲೆ ಒಂದು ಪ್ರಶ್ನೆ ಹಾಕಿದರು. “ಉಪ್ಪು ನೀರನ್ನು ಹೊರಗೆ ಎಳೆಯುವುದಾದರೆ, ಭೇದಿಯಾಗಿ ನೀರೆಲ್ಲ ಹೋದವರಿಗೆ ಆಸ್ಪತ್ರೆಯವರು ಉಪ್ಪಿನ ಪೊಟ್ಟಣವನ್ನೇ ಯಾಕೆ ಕೊಡುತ್ತಾರೆ?”

ಹುಡುಗಿಗೆ ಉತ್ತರ ಬರಲಿಲ್ಲ. ಪಟ್ಟಿಯಲ್ಲಿಯೂ ಇರಲಿಲ್ಲ. ಮರುದಿನ ಶಾಲೆಯಲ್ಲಿ ಉಪಾಧ್ಯಾಯಿನಿಯನ್ನು ಕೇಳಿಕೊಂಡು ಬಂದು ಸಂಜೆ ಅದೇ ಜಗಲಿಯ ಮೇಲೆ ಹೇಳಿದಳು.

ಕಾಲರಾದ ಅಣುಜೀವಿ ಕರುಳಿನ ಕೋಶಗಳನ್ನು ಕೊಲ್ಲುವುದಿಲ್ಲ. ಅದು ಬಿಡುವ ಒಂದು ವಿಷವು ಆ ಕೋಶಗಳನ್ನು ಮರುಳುಮಾಡಿ, ಮೈಯ ಲವಣವನ್ನೂ ನೀರನ್ನೂ ಕರುಳಿಗೆ ಸುರಿಯುವಂತೆ ಮಾಡುವುದು. ಆ ವಿಷವನ್ನು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯ ಶಂಭುನಾಥ ಡೇ. ರೋಗವು ಉಗ್ರವಾದರೆ ದೊಡ್ಡವರ ಮೈಯಿಂದ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೋಗುವುದುಂಟು. ಬರಿಯ ನೀರು ಕುಡಿದರೆ ಅದು ಸಾಕಷ್ಟು ಒಳಸೇರದು. ಉಪ್ಪುನೀರು ಮಾತ್ರ ಕುಡಿದರೂ ಹಾಗೆಯೇ. ಆದರೆ ಕರುಳಿನ ಕೋಶದ ಪೊರೆಯಲ್ಲಿ ಇನ್ನೊಂದು ಬಾಗಿಲಿದೆ. ಉಪ್ಪಿನ ಕಣವೂ ಗ್ಲೂಕೋಸಿನ ಕಣವೂ ಜೊತೆಗೂಡಿ ಬಂದರೆ ಅದು ಒಳಗೆ ಬಿಡುವುದು. ಹೀಗೆಂದು 1960ರಲ್ಲಿ ಅಮೆರಿಕದ ರಾಬರ್ಟ್ ಕ್ರೇನ್ ಸೂಚಿಸಿದನು. ಕಾಲರಾದ ವಿಷಕ್ಕೆ ಈ ಬಾಗಿಲನ್ನು ಮುಚ್ಚುವ ಶಕ್ತಿಯಿಲ್ಲ. ಭರಣಿಯಲ್ಲಿ ಉಪ್ಪು ಹೊರಗೆ ನಿಂತುದರಿಂದ ನೀರು ಹೊರಗೆ ಬಂದಿತು. ಇಲ್ಲಿ ಉಪ್ಪು ಸಕ್ಕರೆಯ ಕೈಹಿಡಿದು ಒಳಗೆ ಹೋಗುವುದರಿಂದ ನೀರೂ ಅದರ ಬೆನ್ನಹಿಂದೆಯೇ ಒಳಗೆ ಹೋಗುವುದು. ಧರ್ಮವೊಂದೇ, ದಿಕ್ಕು ಬೇರೆ.

1971ರಲ್ಲಿ ಪೂರ್ವಬಂಗಾಳದ ಯುದ್ಧದಿಂದ ಓಡಿಬಂದ ಲಕ್ಷಾಂತರ ಜನರಲ್ಲಿ ಕಾಲರಾ ಹಬ್ಬಿತು. ಗಡಿಯ ಬನಗಾಂವ್ ಊರಿನ ಆಸ್ಪತ್ರೆಯಲ್ಲಿ ರೋಗಿಗಳು ನೆಲದ ಮೇಲೆ ಬಿದ್ದಿದ್ದರು. ರಕ್ತನಾಳಕ್ಕೆ ಏರಿಸುವ ನೀರು ಮುಗಿಯುತ್ತ ಬಂದಿತು. ಆಗ ದಿಲೀಪ ಮಹಲನಾಬಿಸ್ ಎಂಬ ವೈದ್ಯರು ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡಿಗೆಯ ಉಪ್ಪು, 2.5 ಗ್ರಾಂ ಅಡಿಗೆ ಸೋಡ, ಈ ಪ್ರಮಾಣದಲ್ಲಿ ಬೆರೆಸಿ ಪೀಪಾಯಿಗಳಲ್ಲಿ ತುಂಬಿಸಿಟ್ಟರು. ಕುಡಿಸುವ ಕೆಲಸವನ್ನು ರೋಗಿಗಳ ಬಂಧುಗಳಿಗೇ ವಹಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕರೊಳಗೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಪದ್ಮವಿಭೂಷಣವು ಅವರ ಹೆಸರಿಗೆ ಬಂದಿತು. ಬೇಗ ಬಂದಿತೆಂದು ಯಾರೂ ಹೇಳಲಾರರು.

“ಅದು ಯಾವ ವರ್ಷ ಅಂದೆ?” ಎಂದು ಅಜ್ಜಿ ಕೇಳಿದರು.

“1971, ಅಜ್ಜಿ.”

ಅಜ್ಜಿಯ ಮೊದಲನೆಯ ಮಗನು 1964ರ ಶ್ರಾವಣದಲ್ಲಿ ವಾಂತಿಭೇದಿಯಿಂದ ಹೋದನೆಂಬುದು ಹುಡುಗಿಗೆ ತಿಳಿದಿರಲಿಲ್ಲ. ಆ ಮನೆಯಲ್ಲಿ ಅದನ್ನು ಯಾರೂ ಆಡುತ್ತಿರಲಿಲ್ಲ. ಆಗ ಮಗುವಿಗೆ ಎರಡು ವರ್ಷ. ಹೊಳೆ ತುಂಬಿ ದಾಟಲು ಆಸ್ಪದವಿರಲಿಲ್ಲ. ಕುಡಿಸಿದಷ್ಟೂ ಭೇದಿ ಹೆಚ್ಚುವುದೆಂದು ಹಿರಿಯರು ಹೇಳಿದರು. ಅನೇಕ ಊರುಗಳಲ್ಲಿ ಆಗ ನಡೆಯುತ್ತಿದ್ದುದೂ ಅದೇ ಪದ್ಧತಿ. ಮಗು ಒಂದು ಹಗಲು ಒಂದು ರಾತ್ರಿ ನೀರಿಗಾಗಿ ಅತ್ತಿತು. ತಾಯಿ ಹಿರಿಯರ ಮಾತನ್ನು ಮೀರಲಿಲ್ಲ. ಒಲೆಯ ಮೇಲೆ ದೊಡ್ಡವರಿಗಾಗಿ ಕಾಯಿಸಿದ ಗಂಜಿ ಇದ್ದಿತು. ಅಕ್ಕಿಯ ಪಿಷ್ಟವು ಕರುಳಿನಲ್ಲಿ ಗ್ಲೂಕೋಸಾಗುವುದೆಂದೂ, ಉಪ್ಪು ಬೆರೆಸಿದ ಗಂಜಿಯೂ ಆ ಬಾಗಿಲನ್ನು ತೆರೆಯಬಲ್ಲುದೆಂದೂ ಮುಂದೆ ವೈದ್ಯರು ಕಂಡುಕೊಂಡರು. ಇದಷ್ಟನ್ನೂ ಅಜ್ಜಿ ಆ ಸಂಜೆ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದರು.

ಹುಡುಗಿ ಏನು ಹೇಳಬೇಕೆಂದು ತಿಳಿಯದೆ ಪುಸ್ತಕದ ಹಾಳೆಯನ್ನು ಮಡಿಸುತ್ತಿದ್ದಳು. ಅಜ್ಜಿಯೇ ಮಾತಾಡಿದರು. “ಮನೆಯಲ್ಲೇ ಮಾಡುವುದಾದರೆ ಎಷ್ಟು ಅಂತ ಹೇಳಿದರು ನಿಮ್ಮ ಟೀಚರು?”

“ಒಂದು ಲೀಟರು ಕುದಿಸಿ ಆರಿಸಿದ ನೀರು. ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಣ್ಣ ಚಮಚ, ತಲೆಗಟ್ಟಿ ತೆಗೆಯಬೇಕು. ಉಪ್ಪು ಹೆಚ್ಚಾಗಬಾರದು, ಅಪಾಯ.”

“ಇಷ್ಟೇ?”

“ಇಷ್ಟೇ ಅಜ್ಜಿ.”

ಅಜ್ಜಿ ಇನ್ನೊಮ್ಮೆ ಹೇಳಿಸಿಕೊಂಡರು. ಅನಂತರ ಮಿಡಿಗಳನ್ನು ಕೆಳಮೇಲು ಮಾಡಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಅದನ್ನು ಒಳಗೆ ಎತ್ತಿಡಲು ಹುಡುಗಿಯನ್ನು ಕರೆದರು.