ಅತಿವಾಹನವೆಂಬ ಅತಿಚಾರ

ಅರವತ್ತು ದಾಟಿದ ಶ್ರಾವಕನೊಬ್ಬನು ಎರಡೇ ಆಸನಗಳುಳ್ಳ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡನೆಂದರೆ ಕೇಳಿದವರು ನಗುವುದು ಸಹಜ. ನಮ್ಮ ಮನೆಯವರೂ ನಕ್ಕರು. “ಇಬ್ಬರೇ ಕೂಡೂ ಗಾಡಿ ತಂದ್ರ ಮೊಮ್ಮಕ್ಕಳನ್ನ ಎಲ್ಲಿ ಕೂಡಸ್ತೀರಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಆ ಕಾರನ್ನು ಕೊಲ್ಹಾಪುರದಿಂದ ಹುಬ್ಬಳ್ಳಿಗೆ ತರುವ ಸಿದ್ಧತೆಯಲ್ಲಿ ಕಳೆದ ಐದು ತಿಂಗಳುಗಳು ನನಗೆ ಕಲಿಸಿದ ಪಾಠವು ನಗುವಂಥದಲ್ಲವೆಂದು ತೋರಿದುದರಿಂದ ಅದನ್ನು ಧರ್ಮಬಂಧುಗಳ ಮುಂದಿಡುತ್ತಿದ್ದೇನೆ.

ಕಾರು 1951ರ ಎಂ.ಜಿ. ಟಿ.ಡಿ. ಇಂಗ್ಲೆಂಡಿನ ಆಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ 1949ರಿಂದ 1953ರವರೆಗೆ ಇಂಥವು ಸುಮಾರು 30 ಸಾವಿರ ತಯಾರಾದವು. ಬಹುಪಾಲು ಅಮೆರಿಕಕ್ಕೆ ಹೋದವು. ಎಂಜಿನ್ 1250 ಸಿ.ಸಿ.; ಮೈಯ ತಗಡಿನ ಕೆಳಗೆ ಮರದ ಚೌಕಟ್ಟು. ನಾನು ಹತ್ತು ವರ್ಷದವನಿದ್ದಾಗ ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಇಂಥದೊಂದು ನಿಂತಿದ್ದುದನ್ನು ತಂದೆಯವರ ಕೈ ಹಿಡಿದು ನೋಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೋಡಿದ್ದು ಸಾಕು, ನಡಿ” ಎಂದರು. ನಾನು ನಡೆದೆ, ಮನಸ್ಸು ಅಲ್ಲಿಯೇ ನಿಂತಿತು. ಕಳೆದ ಜ್ಯೇಷ್ಠದಲ್ಲಿ ಕೊಲ್ಹಾಪುರದ ಹಿರಿಯರೊಬ್ಬರು ತಮ್ಮ ಕಾರನ್ನು ಮಾರುವರೆಂದು ತಿಳಿದಾಗ ಹಿಂದುಮುಂದು ನೋಡದೆ ಮುಂಗಡ ಕೊಟ್ಟು ಬಂದೆ.

ಅಂದಿನ ರಾತ್ರಿ ನಿದ್ರೆ ಬರಲಿಲ್ಲ. 1998ರಲ್ಲಿ ಮುನಿಗಳ ಸನ್ನಿಧಿಯಲ್ಲಿ ಪರಿಗ್ರಹ ಪರಿಮಾಣ ವ್ರತವನ್ನು ತೆಗೆದುಕೊಂಡಾಗ ಒಂದು ಚಿಕ್ಕ ಪುಸ್ತಕದಲ್ಲಿ ಹೊಲ, ಮನೆ, ಬಂಗಾರ, ನಗದುಗಳ ಮಿತಿಯನ್ನು ಬರೆದಿಟ್ಟಿದ್ದೆ. ಅದರಲ್ಲಿ “ನಾಲ್ಕು ಚಕ್ರದ ವಾಹನ: ಮನೆ, ಅಂಗಡಿ ಸೇರಿ ಎರಡು” ಎಂದಿತ್ತು. ಮನೆಯ ಕಾರು ಒಂದು, ಅಂಗಡಿಯ ಮಾಲು ಸಾಗಿಸುವ ಟೆಂಪೊ ಒಂದು. ಕೊಲ್ಹಾಪುರದ್ದು ಮೂರನೆಯದು.

ಮರುದಿನ ವಿಷಯವನ್ನು ಹೇಳಿದಾಗ ಪರಿಹಾರಗಳು ಒಂದರ ಮೇಲೊಂದು ಬಂದವು. ಮಗನು, “ಅಪ್ಪಾಜಿ, ನನ್ನ ಹೆಸರಿಗೆ ಮಾಡಸ್ರಿ. ವ್ರತಾ ನಿಮ್ದು, ನಂದಲ್ಲ” ಎಂದನು. ಲೆಕ್ಕ ಬರೆಯುವವರು ಫರ್ಮಿನ ಹೆಸರಿನಲ್ಲಿ ತೋರಿಸೋಣವೆಂದರು. ಸ್ನೇಹಿತರೊಬ್ಬರು ಕಾನೂನನ್ನೇ ತಂದರು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿ ಮೂಲರೂಪವನ್ನು ಉಳಿಸಿಕೊಂಡ ಕಾರುಗಳನ್ನು ವಿಂಟೇಜ್ ವರ್ಗದಲ್ಲಿ ನೋಂದಾಯಿಸಬಹುದು. ಹಾಗೆ ನೋಂದಾಯಿಸಿದ್ದನ್ನು ಪ್ರದರ್ಶನ, ರ‍್ಯಾಲಿ ಮೊದಲಾದ ಕೆಲವು ಕಾರಣಗಳಿಗಲ್ಲದೆ ದಿನಬಳಕೆಗೆ ಓಡಿಸುವಂತಿಲ್ಲ. “ಹಾಗಾದರೆ ಅದು ವಾಹನವೇ ಅಲ್ಲ, ಪ್ರದರ್ಶನದ ವಸ್ತು, ನಿಮ್ಮ ಎರಡರ ಲೆಕ್ಕಕ್ಕೆ ಬರುವುದಿಲ್ಲ” ಎಂಬುದು ಅವರ ವಾದ.

ವಾಣಿಜ್ಯ ಶಾಸ್ತ್ರ ಓದಿ ನಲವತ್ತು ವರ್ಷ ಖಾತೆ-ಕಿರ್ದಿ ನೋಡಿದ ನನಗೆ ಈ ಮೂರೂ ಯುಕ್ತಿಗಳು ಹಿತವಾಗಿ ಕೇಳಿಸಿದವು. ಹಿತವಾಗಿ ಕೇಳಿಸಿದ್ದೇ ಸಂಶಯಕ್ಕೆ ಕಾರಣವಾಯಿತು. ಆದುದರಿಂದ ಗ್ರಂಥಗಳನ್ನು ಮತ್ತೆ ತೆರೆದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಮಿತ ಪರಿಗ್ರಹ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಮೊದಲನೆಯದೇ ಅತಿವಾಹನ! ಲೋಭದಿಂದ ಎತ್ತು ಕುದುರೆಗಳನ್ನು ಅವುಗಳ ಶಕ್ತಿ ಮೀರಿ ನಡೆಸುವುದು ಎಂದು ಅದಕ್ಕೆ ಅರ್ಥ. ಅಗತ್ಯಕ್ಕಿಂತ ಹೆಚ್ಚು ವಾಹನಗಳನ್ನು ಇಟ್ಟುಕೊಳ್ಳುವುದು ಎಂದು ಹೇಳುವವರೂ ಉಂಟು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ವ್ರತಿಗಳ ಜಾಣತನವನ್ನೇ ಹಿಡಿದಿದ್ದಾರೆ. ನಡುವಿನ ಗೋಡೆಯನ್ನೋ ಬದುವನ್ನೋ ತೆಗೆದು ಎರಡು ಮನೆಗಳನ್ನು, ಎರಡು ಹೊಲಗಳನ್ನು ಒಂದೆಂದು ಎಣಿಸುವುದು. ಮಿತಿ ಮೀರಿದ ಬಂಗಾರವನ್ನು ಅವಧಿ ಮುಗಿಯುವವರೆಗೆ ಇನ್ನೊಬ್ಬರ ವಶದಲ್ಲಿಡುವುದು, ಇವೆಲ್ಲ ಅತಿಚಾರಗಳೆಂದು ಅವರು ಎಣಿಸುತ್ತಾರೆ. ಮಗನ ಹೆಸರು, ಫರ್ಮಿನ ಹೆಸರು, ‘ಪ್ರದರ್ಶನದ ವಸ್ತು’ ಎಂಬ ಹೆಸರು, ಮೂರಕ್ಕೂ ಅಲ್ಲಿಯೇ ಉತ್ತರವಿತ್ತು. ನಾವು ಬೇನಾಮಿ ಎನ್ನುವುದನ್ನು ಅವರು ಅಂದೇ ಕಂಡಿದ್ದರು.

ಉಳಿದ ದಾರಿಗಳು ಎರಡೇ: ಮುಂಗಡವನ್ನು ಬಿಡುವುದು, ಇಲ್ಲವೆ ಇದ್ದ ಎರಡರಲ್ಲಿ ಒಂದನ್ನು ನಿಜವಾಗಿ ಬಿಡುವುದು. ಮನೆಯ ಕಾರನ್ನು ಬಿಟ್ಟರೆ ನನ್ನ ಆಸೆಯ ಬೆಲೆಯನ್ನು ಮೊಮ್ಮಕ್ಕಳು ತೆರಬೇಕು. ಟೆಂಪೊವನ್ನು ಬಿಟ್ಟರೆ ಹನ್ನೊಂದು ವರ್ಷ ಅದನ್ನು ನಡೆಸಿದ ಚಾಲಕನ ಅನ್ನ ಹೋಗುತ್ತದೆ. ಮುಂಗಡ ಕೊಡುವಾಗ ಈ ಮನುಷ್ಯನ ನೆನಪೇ ನನಗೆ ಬಂದಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ವ್ರತವಿಲ್ಲದಿದ್ದರೆ ಎಂದೂ ಬರುತ್ತಿರಲಿಲ್ಲ. ಏಕೆಂದರೆ ಮೂರನೆಯ ವಾಹನವನ್ನು ಕೊಳ್ಳುವ ಶಕ್ತಿ ಇತ್ತು. ಮಿತಿಯೊಂದು ಇದ್ದುದರಿಂದಲೇ ಒಂದು ವಸ್ತುವಿನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡುವಂತಾಯಿತು.

ಕೊನೆಗೆ ಆ ಚಾಲಕನನ್ನೇ ಕರೆದು ಕೇಳಿದೆ. ಟೆಂಪೊವನ್ನು ತಾನೇ ಕೊಳ್ಳುವುದಾಗಿ ಅವನು ಹೇಳಿದನು. ಬಡ್ಡಿಯಿಲ್ಲದ ಕಂತುಗಳನ್ನು ಗೊತ್ತುಮಾಡಿ, ಅವನ ಹೆಸರಿಗೆ ಕಾಗದಪತ್ರ ಮಾಡಿಸಿಕೊಟ್ಟೆ. ನಮ್ಮ ಮಾಲಿಗೂ ಎಲ್ಲರಂತೆ ಬಾಡಿಗೆ ಕೊಡುವುದೆಂದು ಮಾತಾಯಿತು. ಆದರೂ ಒಳಗೆ ಒಂದು ಅಳುಕು ಉಳಿಯಿತು: ಇದೂ ಬಂಗಾರವನ್ನು ಪರರ ವಶದಲ್ಲಿಟ್ಟಂತೆಯೇ ಅಲ್ಲವೆ? ಗಾಡಿ ಅದೇ, ಚಾಲಕ ಅವನೇ, ಮಾಲೂ ನಮ್ಮದೇ.

ಆ ಅಳುಕಿಗೆ ಉತ್ತರ ದೀಪಾವಳಿಯ ಮುನ್ನಾ ವಾರ ದೊರೆಯಿತು. ತುರ್ತಾಗಿ ಹೋಗಬೇಕಾಗಿದ್ದ ಮಾಲು ಅಂಗಡಿಯ ಮುಂದೆ ಅರ್ಧ ದಿನ ಬಿದ್ದಿತ್ತು. ಟೆಂಪೊ ಇನ್ನೊಬ್ಬ ವ್ಯಾಪಾರಿಯ ಲೋಡು ಹೊತ್ತು ಗದಗಿಗೆ ಹೋಗಿತ್ತು. ನನಗೆ ಬಲು ಸಿಟ್ಟು ಬಂದಿತು. ಫೋನು ಕೈಗೆತ್ತಿಕೊಂಡವನು ಅಲ್ಲಿಗೇ ತಡೆದೆ. ಗಾಡಿ ನಿಜವಾಗಿ ನನ್ನ ಕೈಬಿಟ್ಟಿದೆ ಎಂಬುದಕ್ಕೆ ಆ ಸಿಟ್ಟಿಗಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಆ ಸಂಜೆ ಚಿಕ್ಕ ಪುಸ್ತಕವನ್ನು ತೆರೆದು ಟೆಂಪೊವಿನ ನಂಬರನ್ನು ಹೊಡೆದುಹಾಕಿದೆ.

ಈ ನಡುವೆ ಚಾತುರ್ಮಾಸ ಕಳೆದಿತ್ತು. ಆ ನಾಲ್ಕು ತಿಂಗಳು ಹುಬ್ಬಳ್ಳಿ-ಧಾರವಾಡದ ಎಲ್ಲೆ ದಾಟದಿರುವ ದೇಶವ್ರತವನ್ನು ನಾನು ಕೆಲವು ವರ್ಷಗಳಿಂದ ಪಾಲಿಸುತ್ತೇನೆ. ಎಲ್ಲೆಯ ಹೊರಗಿನ ವಸ್ತುವನ್ನು ತರಿಸುವುದು, ಹೊರಗೆ ಆಳನ್ನು ಕಳುಹಿಸುವುದು, ದನಿಗೈದು ಕೆಲಸ ಮಾಡಿಸುವುದು, ಇವು ಆ ವ್ರತದ ಅತಿಚಾರಗಳಲ್ಲಿ ಸೇರಿವೆ. ತಾನು ಹೋಗದೆ ಮೆಸ್ತ್ರಿಯನ್ನು ಕಳುಹಿಸುವಂತಿರಲಿಲ್ಲ; ದನಿಗೈಯುವುದು ಸಲ್ಲದೆಂದ ಮೇಲೆ ದೂರವಾಣಿಯಲ್ಲಿ ‘ಇಂಥದನ್ನು ಮಾಡಿಸಿಡಿ’ ಎನ್ನುವುದೂ ಸಲ್ಲದು. ಕಾರಿನ ಒಡೆಯರಿಗೆ ಮೊದಲೇ ತಿಳಿಸಿದ್ದೆ. ಅವರೂ ಜೈನರು, ಒಪ್ಪಿದರು. ಮೊದಲ ತಿಂಗಳು ದಿನಕ್ಕೆ ಹತ್ತು ಸಲ ಆ ಕಾರಿನ ಚಿತ್ರವನ್ನು ನೋಡುತ್ತಿದ್ದೆ. ಪರ್ಯುಷಣದ ಹೊತ್ತಿಗೆ ಅದು ಎರಡು ದಿನಕ್ಕೊಮ್ಮೆಯಾಯಿತು. ಪರಿಗ್ರಹವು ವಸ್ತುವಿನಲ್ಲಿಲ್ಲ, ವಸ್ತುವಿನ ಮೇಲಿನ ಮೂರ್ಛೆಯಲ್ಲಿದೆ ಎಂಬ ತತ್ತ್ವಾರ್ಥಸೂತ್ರದ ಅಭಿಪ್ರಾಯವನ್ನು ಎಷ್ಟೋ ಸಲ ಸಭೆಗಳಲ್ಲಿ ವಿವರಿಸಿದ್ದೇನೆ. ಆ ಮೂರ್ಛೆ ಏರುವುದನ್ನೂ ಇಳಿಯುವುದನ್ನೂ ಜ್ವರದಂತೆ ನನ್ನೊಳಗೇ ಅಳೆದು ನೋಡಿದ್ದು ಇದೇ ಮೊದಲು.

ವೀರನಿರ್ವಾಣದ ಪೂಜೆಗಳು ಮುಗಿದ ಮೇಲೆ ನಮ್ಮ ಹುಬ್ಬಳ್ಳಿಯ ಹಳೆಯ ಮೆಸ್ತ್ರಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಹೋದೆ. ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ನನಗೆ ಹಿಗ್ಗು, ಅವನ ಮುಖದಲ್ಲಿ ಏನೂ ಇಲ್ಲ. “ಸಾವಕಾರ್ರ, ಗಾಡಿ ಓಡೂದು ದೊಡ್ಡದಲ್ಲರೀ. ಬೇಕಂದಾಗ ನಿಲ್ಲೂದು ದೊಡ್ಡದು” ಎಂದು ಚಕ್ರಗಳನ್ನು ಬಿಚ್ಚತೊಡಗಿದನು. ನಾಲ್ಕೂ ಚಕ್ರಗಳಲ್ಲಿರುವುದು ಡ್ರಮ್ ಬ್ರೇಕು. ಒಳಗಿನ ರಬ್ಬರುಗಳು ಗಟ್ಟಿಯಾಗಿ ಎಣ್ಣೆ ಜಿನುಗುತ್ತಿತ್ತು. ಅವುಗಳನ್ನು ಬದಲಿಸಿ, ಹೊಸ ಬ್ರೇಕ್ ಎಣ್ಣೆ ತುಂಬಿ, ಗಾಳಿ ತೆಗೆಯಲು ಎರಡು ದಿನ ಹಿಡಿಯಿತು.

ಟೈರುಗಳು ಹೊಸದರಂತೆ ಕಾಣುತ್ತಿದ್ದವು. ಅವನು ಬದಿಯಲ್ಲಿ ಒತ್ತಿದ್ದ ನಾಲ್ಕು ಅಂಕಿಗಳನ್ನು ತೋರಿಸಿದನು; ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. 0912 ಎಂದರೆ 2012ರ ಒಂಬತ್ತನೆಯ ವಾರ. ಸವೆಯದಿದ್ದರೂ ರಬ್ಬರು ಮುಪ್ಪಾಗುತ್ತದೆ, ಅವೂ ಹೋದವು. ಪೆಟ್ರೋಲಿನ ಕೊಳವೆಗಳದ್ದು ಬೇರೊಂದು ಚಿಂತೆ. 2000ದಲ್ಲಿ ನಮ್ಮ ದೇಶದ ಪೆಟ್ರೋಲಿನಿಂದ ಸೀಸವನ್ನು ತೆಗೆದರು. ಈಗ ಬಂಕುಗಳಲ್ಲಿ ಬರುವುದರಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಇರುತ್ತದೆ. ಅದು ಹಳೆಯ ರಬ್ಬರನ್ನು ತಿನ್ನುತ್ತದೆ, ಟ್ಯಾಂಕಿನ ತಳದ ಕೊಳೆಯನ್ನು ಎಬ್ಬಿಸುತ್ತದೆ. ಕೊಳವೆ ಬದಲಿಸಿ, ಟ್ಯಾಂಕು ತೊಳೆದು, ಸೋಸುಕವನ್ನು ಹಾಕಿಸಿದೆವು. ಹೊಸ ಫ್ಯಾನ್ ಬೆಲ್ಟು, ಪ್ಲಗ್ಗುಗಳು, ಪಾಯಿಂಟು, ಕಂಡೆನ್ಸರು, ಎರಡು ಕ್ಯಾನು ನೀರು, ಬೆಂಕಿ ನಂದಿಸುವ ಸಿಲಿಂಡರು, ಎಳೆಯಲು ಹಗ್ಗ, ಇವು ಆಸನದ ಹಿಂದೆ ಸೇರಿದವು.

ಆಸನಗಳ ವಿಷಯ ಮಾತ್ರ ಮೆಸ್ತ್ರಿಯ ಕೈಯಲ್ಲಿರಲಿಲ್ಲ. ಅವು ಮೂಲ ಚರ್ಮದವು. ಇಂಥ ಕಾರುಗಳಲ್ಲಿ ಮೂಲ ಚರ್ಮ ಉಳಿದಿದ್ದರೆ ಬೆಲೆ ಹೆಚ್ಚು, ಬದಲಿಸಿದರೆ ಇಳಿಯುತ್ತದೆ. ಎಪ್ಪತ್ತು ವರ್ಷದ ಹಿಂದೆ ಸತ್ತ ಪ್ರಾಣಿ ಅದನ್ನು ಕಿತ್ತುಹಾಕಿದರೆ ಬದುಕಿ ಬರುವುದಿಲ್ಲ ಎಂದು ಒಡೆಯರು ಹೇಳಿದ್ದು ತರ್ಕಕ್ಕೆ ಸರಿಯೇ. ಆದರೆ ಆ ಚರ್ಮಕ್ಕಾಗಿ ನಾನು ಹೆಚ್ಚು ಹಣ ಕೊಟ್ಟೆನೆಂದರೆ, ಆ ಮೆಚ್ಚುಗೆಯಲ್ಲಿ ಅನುಮೋದನೆ ಸೇರಿತು. ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನು ನಮ್ಮ ಹಿರಿಯರು ವ್ಯರ್ಥವಾಗಿ ಎಣಿಸಿಲ್ಲ. ಚರ್ಮವನ್ನು ಬಿಚ್ಚಿಸಿ ಅವರಿಗೇ ಒಪ್ಪಿಸಿ, ದಪ್ಪ ಹತ್ತಿಯ ಕ್ಯಾನ್ವಾಸು ಹೊಲಿಸಿದೆ. ಕಡಿಮೆಯಾದ ಬೆಲೆಯನ್ನು ಯಾವ ಖಾತೆಗೆ ಬರೆಯಬೇಕೆಂದು ಲೆಕ್ಕದವರು ಕೇಳಿದರು. ಖರ್ಚಿಗೇ ಬರೆಯಿರಿ ಎಂದೆ.

ಕಾಗದಪತ್ರಗಳೂ ಸಿದ್ಧವಾದವು: ಮಹಾರಾಷ್ಟ್ರದ ನಿರಾಕ್ಷೇಪಣಾ ಪತ್ರ, ಒಡೆತನ ಬದಲಾವಣೆಯ ನಮೂನೆ 29 ಮತ್ತು 30, ವಿಮೆ. ಇನ್ನು ಪ್ರಯಾಣದ ಕ್ರಮ. ದಾರಿ ಸುಮಾರು 200 ಕಿಲೋಮೀಟರು; ಕಾಗಲ, ನಿಪ್ಪಾಣಿ, ಸಂಕೇಶ್ವರ, ಬೆಳಗಾವಿ, ಕಿತ್ತೂರು, ಧಾರವಾಡ. ಸೂರ್ಯೋದಯದ ನಂತರ ಹೊರಟು ಸೂರ್ಯಾಸ್ತಕ್ಕೆ ಮುನ್ನ ಮುಟ್ಟಬೇಕು. ಕಾರಿನ ದೀಪಗಳು ಮಂದವಾಗಿರುವುದು ಒಂದು ಕಾರಣ. ದೀಪಕ್ಕೆ ಮುತ್ತುವ ಹುಳುಗಳು ಇನ್ನೊಂದು. ಮುನಿಗಳು ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆಯಿಡುವ ಈರ್ಯಾಸಮಿತಿ ಚಕ್ರಕ್ಕೆ ಸಾಧ್ಯವಿಲ್ಲ. ವಾಹನ ಏರಿದ ಶ್ರಾವಕನು ಹಿಂಸೆಯಿಂದ ಪೂರ್ತಿ ಪಾರಾಗಲಾರನು. ವೇಗವನ್ನೂ ವೇಳೆಯನ್ನೂ ಮಿತಗೊಳಿಸಿ ಅದನ್ನು ಕಡಿಮೆ ಮಾಡಬಲ್ಲನು. ಗಂಟೆಗೆ 60 ಕಿಲೋಮೀಟರು ಮೀರುವುದಿಲ್ಲವೆಂದು ನಿಯಮ ಮಾಡಿಕೊಂಡೆ. ತವಂದಿ ಘಾಟು ಏರಿ ಎಂಜಿನ್ ಕಾದಾಗ ಸ್ತವನಿಧಿಯಲ್ಲಿ ಪಾರ್ಶ್ವನಾಥ ಸ್ವಾಮಿಯ ದರ್ಶನ. ಬೆಳಗಾವಿಯ ಕೋಟೆಯಲ್ಲಿ 1204ರ ಕಮಲ ಬಸದಿಯ ನೇಮಿನಾಥರ ದರ್ಶನ, ಆಮೇಲೆ ಊಟ.

ಹೊರಡುವ ಮುನ್ನಾ ರಾತ್ರಿ ಚಿಕ್ಕ ಪುಸ್ತಕದಲ್ಲಿ ಇನ್ನೊಂದು ಸಾಲು ಸೇರಿಸಿದೆ: ಈ ಕಾರು ನನ್ನಲ್ಲಿ ಐದು ವರ್ಷ ಮಾತ್ರ. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿಟ್ಟ ಹಳೆಯ ಕಾರುಗಳ ಮುಂದೆ ಯಾತ್ರಿಕರ ಮಕ್ಕಳು ಬೆರಗಾಗಿ ನಿಲ್ಲುವುದನ್ನು ಕಂಡಿದ್ದೇನೆ. ಅಲ್ಲಿ ವಸ್ತುಗಳು ಸಾರ್ವಜನಿಕರ ನೋಟಕ್ಕೆ ಸೇರಿವೆ. ನನ್ನದೂ ಅವಧಿ ಮುಗಿದಾಗ ಹತ್ತು ವರ್ಷದ ಹುಡುಗರು ನೋಡುವಂಥ ಜಾಗಕ್ಕೆ ಹೋಗಲಿ. ನಮ್ಮ ಬಸದಿಗಳ ಟ್ರಸ್ಟುಗಳೂ ದಾನವಾಗಿ ಬಂದ ವಸ್ತುಗಳನ್ನು ಬೀಗದೊಳಗೆ ಎಣಿಸಿಡುವಾಗ ಇದನ್ನು ಯೋಚಿಸಬೇಕೆಂದು ನನ್ನ ವಿನಂತಿ. ಮೂರ್ಛೆ ವ್ಯಕ್ತಿಗೆ ಮಾತ್ರವಲ್ಲ, ಸಂಸ್ಥೆಗೂ ಬರುತ್ತದೆ.

ಬೆಳಗ್ಗೆ ಬಸದಿಗೆ ಹೋಗಿ ಬಂದು, ಬಿಸಿಲು ರಸ್ತೆಗೆ ಬಿದ್ದ ಮೇಲೆ ಕೀಲಿ ತಿರುಗಿಸಿದೆ. ಪೆಟ್ರೋಲು ಪಂಪು ಟಿಕ್ ಟಿಕ್ ಎಂದು ಸದ್ದು ಮಾಡಿ, ಕಾರ್ಬುರೇಟರು ತುಂಬಿದಾಗ ತಾನಾಗಿ ಸುಮ್ಮನಾಯಿತು. ಎಂಜಿನ್ ಎದ್ದಿತು. ಮೆಸ್ತ್ರಿ ಪಕ್ಕದಲ್ಲಿ ಕುಳಿತು, “ನಡೀರಿ ಸಾವಕಾರ್ರ” ಎಂದನು. ಹತ್ತು ಅಡಿ ಮುಂದೆ ಹೋಗಿ ಬ್ರೇಕನ್ನು ಒತ್ತಿದೆ. ನಿಂತಿತು. ಆಮೇಲೆ ರಸ್ತೆಗಿಳಿದೆವು.