ಸೊಟ್ಟ ನಗು

ಆ ಸೋಮವಾರ ಬೆಳಗ್ಗೆ ಪಟ್ಟಂದೂರು ಅಗ್ರಹಾರದ ನನ್ನ ರೂಮಲ್ಲಿ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದೆ. ನೀರು ಎಡಗಡೆಯಿಂದ ಸೋರಿ ಬನಿಯನ್ ಮೇಲೆ ಬಿತ್ತು. ಕನ್ನಡಿ ನೋಡಿದೆ. ಎಡಗಣ್ಣು ಮುಚ್ಚುತ್ತಿಲ್ಲ, ನಕ್ಕರೆ ಬಾಯಿ ಬಲಕ್ಕೇ ಎಳೀತಿದೆ. ಹಿಂದಿನ ದಿನ ಕಿವಿ ಹಿಂದೆ ನೋವಿತ್ತು, ಹೆಡ್‌ಫೋನಿಂದ ಅಂದ್ಕೊಂಡಿದ್ದೆ.

ಲಕ್ವ! ವಯಸ್ಸು ಮೂವತ್ಮೂರು, ಸಾಲದ ಕಂತು ಇನ್ನೂ ಹದಿನೇಳು ವರ್ಷ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೈಕಾಲು ಎತ್ತಿಸಿದರು, ಮಾತಾಡಿಸಿದರು, ಆಮೇಲೆ "ಹುಬ್ಬು ಮೇಲೆತ್ತಿ" ಅಂದರು. ಎಡಗಡೆ ಹಣೆಯಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಅವರಿಗೆ ಅದೇ ಸಮಾಧಾನ. ಹಣೆಗೆ ಮಿದುಳಿನ ಎರಡೂ ಕಡೆಯಿಂದ ಸಂಪರ್ಕ ಇರುತ್ತಂತೆ, ನಮ್ಮ ಸರ್ವರ್‌ಗಳಿಗೆ ಬ್ಯಾಕಪ್ ಇಟ್ಟ ಹಾಗೆ. ಸ್ಟ್ರೋಕ್ ಆದರೆ ಸಾಮಾನ್ಯವಾಗಿ ಹಣೆ ಉಳಿಯುತ್ತೆ. ನನ್ನದು ಬೆಲ್ಸ್ ಪಾಲ್ಸಿ.

ಮುಖದ ನರ ಕಿವಿ ಹಿಂದಿನ ಮೂಳೆಯ ಸಣ್ಣ ಕೊಳವೆಯೊಳಗೆ ಹಾದುಹೋಗುತ್ತೆ. ಊದಿಕೊಂಡರೆ ಅಲ್ಲೇ ಅದುಮಿಕೊಳ್ಳುತ್ತೆ. ಊದಿದ್ದು ಯಾಕೆ? ಅನುಮಾನ ಹೆಚ್ಚಾಗಿ ವೈರಸ್ ಮೇಲೆ. ತುಟಿಯಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್, ನರದಲ್ಲಿ ವರ್ಷಗಟ್ಟಲೆ ಮಲಗಿದ್ದು ಏಳುತ್ತೆ. 1996ರಲ್ಲಿ ಜಪಾನಿನ ವೈದ್ಯರು ಇಂಥ ರೋಗಿಗಳ ನರದ ದ್ರವದಲ್ಲಿ ಅದರ ಡಿಎನ್‌ಎ ಕಂಡಿದ್ದರು. ಆದರೂ ಎಲ್ಲರಲ್ಲೂ ಅದೇ ಕಾರಣ ಅಂತ ಖಾತ್ರಿಯಾಗಿಲ್ಲ. ಡಾಕ್ಟರ್ ನನ್ನ ಕಿವಿಯೊಳಗೂ ಗುಳ್ಳೆ ಹುಡುಕಿದರು. ಇದ್ದಿದ್ದರೆ ಅದು ಸಿಡುಬಿನಂಥ ಅಮ್ಮ, ಚಿಕನ್‌ಪಾಕ್ಸ್, ತರುವ ವೈರಸ್ಸಿನ ಕೆಲಸ. 2022ರಲ್ಲಿ ಜಸ್ಟಿನ್ ಬೀಬರ್‌ಗೆ ಆಗಿದ್ದು ಅದು. ಇರಲಿಲ್ಲ.

"72 ಗಂಟೆಯೊಳಗೆ ಬಂದ್ರಿ, ಒಳ್ಳೇದಾಯ್ತು" ಅಂತ ಸ್ಟೆರಾಯ್ಡ್ ಮಾತ್ರೆ ಬರೆದರು. ಕಣ್ಣು ಒಣಗದಂತೆ ಡ್ರಾಪ್ಸ್, ರಾತ್ರಿ ರೆಪ್ಪೆಗೆ ಟೇಪು.

ಅವ್ವನಿಗೆ ಫೋನ್ ಮಾಡಿದೆ. "ರಾತ್ರಿ ಬೈಕಲ್ಲಿ ಬಂದ್ಯೇನೋ? ಗಾಳಿ ಹೊಡ್ದದೆ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಾಣದ ಮನೆ ಮಾವನ ಥರಾನಾ?" ಅಂದಳು.

ಆ ಮಾವನನ್ನು ನಾವು ಹುಡುಗರು ಬಾಯಿ ಸೊಟ್ಟ ಮಾಡಿ ಅಣಕಿಸ್ತಿದ್ದೆವು. ಎಲ್ಲರಿಗಿಂತ ಚೆನ್ನಾಗಿ ಮಾಡ್ತಿದ್ದವನು ನಾನೇ.

ಆರು ವಾರ ಮೀಟಿಂಗುಗಳಲ್ಲಿ ಕ್ಯಾಮೆರಾ ಆಫ್. ಮೆಟ್ರೋದಲ್ಲಿ ಮಾಸ್ಕು. ಒಂದು ದಿನ ಹುಬ್ಬು ಒಂಚೂರು ಅಲುಗಿತು. ನಗುವೂ ವಾಪಸ್ ಬಂತು.

ಹಬ್ಬಕ್ಕೆ ಹೋದಾಗ ಮಾವನ ಜಗಲಿಯಲ್ಲಿ ಕೂತು ಕೇಳಿದೆ. "ಯಂತ್ರ ಕಟ್ಸಿದ್ರು ಕಣಪ್ಪ. ಪ್ಯಾಟೆ ಆಸ್ಪತ್ರೆಗೆ ಹೋಗೋ ಹೊತ್ಗೆ ಎರಡು ತಿಂಗಳಾಗಿತ್ತು" ಅಂದ. ಮಾತ್ರೆ ಇಲ್ಲದೆಯೂ ಬಹಳ ಜನಕ್ಕೆ ವಾಸಿಯಾಗುತ್ತೆ, ಮಾವನಿಗೆ ಆಗಲಿಲ್ಲ.

ಅಣಕಿಸಿದ್ದಕ್ಕೆ ಕ್ಷಮೆ ಕೇಳಬೇಕು ಅಂತಲೇ ಹೋಗಿದ್ದೆ. ಬಾಯಿ ನೆಟ್ಟಗಿತ್ತು, ಮಾತು ಬರಲಿಲ್ಲ. ಮಾವ ಅರ್ಧ ಮುಖದಲ್ಲಿ ನಕ್ಕು, "ಕಾಫಿ ಕುಡ್ಕೊಂಡು ಹೋಗು" ಅಂದ.